ಮೆಮೊರಿ ಕಾರ್ಡ್ ಹಾಕುವ ಹಾಡಿನ ಪ್ಲೇಯರ್: ಕಾರ್ಡ್ ಆರಿಸುವುದರಿಂದ ಹಾಡು ತುಂಬುವವರೆಗೆ

ಸಕಲೇಶಪುರ ದಾಟಿದ ರೈಲು ಸುಬ್ರಹ್ಮಣ್ಯದ ಕಡೆ ಘಟ್ಟ ಇಳಿಯುವಾಗ 57 ಸುರಂಗಗಳನ್ನು ಹಾಯಬೇಕು. ಮೊಬೈಲಿನಲ್ಲಿ ನೆಟ್‌ವರ್ಕ್ ನಂಬಿ ಹಚ್ಚಿದ ಹಾಡು ಆ ದಾರಿಯಲ್ಲಿ ಪೂರ್ತಿ ಮುಗಿಯುವುದು ಅಪರೂಪ. ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆಯ ತೋಟಗಳಲ್ಲಿ ಇದಕ್ಕೆ ಸುರಂಗವೇನೂ ಬೇಕಿಲ್ಲ. ಗುಡ್ಡದ ಮಗ್ಗುಲು ತಿರುಗಿದರೆ ಸಿಗ್ನಲ್ ಹೋಯಿತು. ಇಷ್ಟು ದಿನ ಇದಕ್ಕೊಂದು ಸುಲಭದ ಪರಿಹಾರವಿತ್ತು: ಫೋನಿಗೆ ಮೆಮೊರಿ ಕಾರ್ಡ್ ಹಾಕಿ, ಅದರ ತುಂಬ ಹಾಡು ತುಂಬಿಸಿಕೊಳ್ಳುವುದು. ಈಗ ಕಾರ್ಡ್ ಹಾಕುವ ಜಾಗವೇ ಇಲ್ಲದ ಫೋನುಗಳು ಹೆಚ್ಚುತ್ತಿವೆ. ಸ್ಯಾಮ್‌ಸಂಗ್ ಕೂಡ 2021ರ ಎಸ್21ರಿಂದ ತನ್ನ ದುಬಾರಿ ಸಾಲಿನ ಫೋನುಗಳಲ್ಲಿ ಅದನ್ನು ತೆಗೆದುಹಾಕಿತು.

ಹಾಗಾಗಿ ಕಾಫಿ ಕೊಯ್ಲಿನ ಕಾಲಕ್ಕೆ, ದೂರದ ಪ್ರಯಾಣಕ್ಕೆ, ಮನೆಯ ಹಿರಿಯರಿಗೆ ಎಂದು ಕಾರ್ಡ್ ಹಾಕುವ ಪುಟ್ಟ ಪ್ಲೇಯರ್ ಅಥವಾ ಸ್ಪೀಕರ್ ಡಬ್ಬಿಯನ್ನು ಹುಡುಕುವವರು ಮತ್ತೆ ಕಾಣಿಸಿಕೊಂಡಿದ್ದಾರೆ. ಕೊಂಡು ತಂದ ಮೇಲೆ ಎದುರಾಗುವ ತೊಂದರೆಗಳು ಮಾತ್ರ ಎಲ್ಲರದೂ ಹೆಚ್ಚು ಕಡಿಮೆ ಒಂದೇ. 64 ಜಿಬಿ ಕಾರ್ಡ್ ಹಾಕಿದರೆ ಪ್ಲೇಯರ್ ಕಾರ್ಡೇ ಇಲ್ಲ ಅನ್ನುತ್ತದೆ. ಕಂಪ್ಯೂಟರಿನಲ್ಲಿ ಕೇಳಿಸುವ ಹಾಡು ಪ್ಲೇಯರಿನಲ್ಲಿ ಕೇಳಿಸುವುದಿಲ್ಲ. ಹರಿಕಥೆಯ ಮೂರನೆಯ ಭಾಗ ಮೊದಲು ಬಂದು, ಮೊದಲನೆಯದು ಕೊನೆಗೆ ಬರುತ್ತದೆ. ಕನ್ನಡದಲ್ಲಿ ಬರೆದ ಹೆಸರೆಲ್ಲ ಚೌಕಾಕಾರದ ಡಬ್ಬಿಗಳಾಗಿ ಕಾಣುತ್ತವೆ.

ಇವಕ್ಕೆಲ್ಲ ಪ್ಲೇಯರ್ ಕೆಟ್ಟಿದೆ ಎನ್ನುವುದು ಕಾರಣವಲ್ಲ. ಒಂದು ಹಾಡು ಕೇಳಿಸಬೇಕಾದರೆ ಕಾರ್ಡಿನ ಜಾತಿ, ಕಾರ್ಡನ್ನು ಫಾರ್ಮ್ಯಾಟ್ ಮಾಡಿದ ಬಗೆ, ಹಾಡಿನ ಫೈಲಿನ ಬಗೆ, ಫೈಲುಗಳನ್ನು ಜೋಡಿಸಿದ ಕ್ರಮ, ಈ ನಾಲ್ಕೂ ಪ್ಲೇಯರಿಗೆ ಹೊಂದಬೇಕು. ಯಾವುದು ಹೊಂದುತ್ತಿಲ್ಲ ಎಂದು ಗೊತ್ತಾದರೆ ಹೆಚ್ಚಿನ ತೊಂದರೆಗಳನ್ನು ಮನೆಯಲ್ಲೇ ಸರಿಪಡಿಸಬಹುದು.

ಹಣ ಕೊಟ್ಟು ಡೌನ್‌ಲೋಡ್ ಮಾಡಿದ ಹಾಡು ಕಾರ್ಡಿಗೆ ಯಾಕೆ ಬರುವುದಿಲ್ಲ?

ಮೊದಲು ಈ ಪ್ರಶ್ನೆ ಬಗೆಹರಿಯಲಿ, ಯಾಕೆಂದರೆ ಪ್ಲೇಯರ್ ಕೊಂಡ ಮೇಲೆ ಹೆಚ್ಚು ಜನ ನಿರಾಶರಾಗುವುದು ಇಲ್ಲೇ. ಸ್ಪಾಟಿಫೈಯಂಥ ಆ್ಯಪ್‌ಗಳಲ್ಲಿ ‘ಡೌನ್‌ಲೋಡ್’ ಒತ್ತಿದಾಗ ಫೋನಿಗೆ ಬಂದು ಕೂರುವುದು ಬೀಗ ಹಾಕಿದ ಫೈಲು. ಬೀಗದ ಕೈ ಇರುವುದು ಆ ಆ್ಯಪ್‌ನ ಹತ್ತಿರ ಮಾತ್ರ. ಫೈಲನ್ನು ಹುಡುಕಿ ಕಾರ್ಡಿಗೆ ನಕಲು ಮಾಡಿದರೂ ಬೇರೆ ಪ್ಲೇಯರ್ ಅದನ್ನು ತೆರೆಯಲಾರದು. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಫೋನು ಇಂಟರ್ನೆಟ್ಟಿಗೆ ತಾಗಬೇಕು, ಇಲ್ಲದಿದ್ದರೆ ಇಳಿಸಿಕೊಂಡ ಹಾಡುಗಳೂ ಕೇಳಿಸುವುದಿಲ್ಲ. ಅಲ್ಲಿ ನಾವು ಕೊಡುವುದು ಬಾಡಿಗೆ.

ಕಾರ್ಡಿನ ಪ್ಲೇಯರಿಗೆ ಬೇಕಾದದ್ದು ಬೀಗವಿಲ್ಲದ ಫೈಲು. ಮನೆಯಲ್ಲಿರುವ ಸಿಡಿಗಳಿಂದ ತೆಗೆದದ್ದು, ಫೈಲಾಗಿಯೇ ಮಾರುವ ತಾಣಗಳಿಂದ ಕೊಂಡದ್ದು, ನಮ್ಮ ಊರಿನ ಭಜನೆಯನ್ನೋ ತಾಳಮದ್ದಳೆಯನ್ನೋ ಅವರ ಒಪ್ಪಿಗೆ ಪಡೆದು ನಾವೇ ರೆಕಾರ್ಡ್ ಮಾಡಿದ್ದು, ಇವೆಲ್ಲ ಆಗುತ್ತವೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ಕಾರ್ಡಿಗೆ ಹಾಡು ‘ಹಾಕಿಸಿಕೊಳ್ಳುವ’ ರೂಢಿ ಹಳೆಯದು. ಆದರೆ ಹಕ್ಕುದಾರರ ಅನುಮತಿ ಇಲ್ಲದೆ ಹಾಗೆ ನಕಲು ಮಾಡಿ ಮಾರುವುದು 1957ರ ಕೃತಿಸ್ವಾಮ್ಯ ಕಾಯ್ದೆಗೆ ವಿರುದ್ಧ. ಆ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕಿನ ಲೆಕ್ಕ ಬೇರೆಯೇ ಇದೆ.

ಪ್ಲೇಯರಿನ ಒಳಗೆ

1998ರಲ್ಲಿ ಬಂದ ಡೈಮಂಡ್ ರಿಯೊ ಎಂಬ ಪ್ಲೇಯರಿನಲ್ಲಿ ಇದ್ದದ್ದು 32 ಎಂಬಿ ಜಾಗ, ಅಂದರೆ ಸುಮಾರು ಅರ್ಧ ಗಂಟೆಯ ಹಾಡು. ಜಾಗ ಸಾಲದು ಎಂದು ಅದನ್ನು ಮಾಡಿದವರಿಗೂ ಗೊತ್ತಿತ್ತು, ಅದಕ್ಕೇ ಪಕ್ಕದಲ್ಲೊಂದು ಕಾರ್ಡ್ ಸ್ಲಾಟ್ ಇಟ್ಟಿದ್ದರು. ಆಗಿನ ಕಾರ್ಡಿನ ಹೆಸರು ಸ್ಮಾರ್ಟ್‌ಮೀಡಿಯಾ. ಕಾರ್ಡ್ ಹಾಕಿ ಜಾಗ ಹೆಚ್ಚಿಸಿಕೊಳ್ಳುವ ಯೋಚನೆಗೂ ಇಂಥ ಪ್ಲೇಯರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು.

ಇಂದಿನ ಪ್ಲೇಯರಿನಲ್ಲೂ ಕೆಲಸದ ಸಾಲು ಅದೇ. ಒಂದು ಚಿಪ್ ಕಾರ್ಡಿನಿಂದ ಫೈಲನ್ನು ಓದುತ್ತದೆ, ಒತ್ತಿ ಕಿರಿದು ಮಾಡಿಟ್ಟ ಹಾಡನ್ನು ಬಿಡಿಸುತ್ತದೆ, ಅಂಕಿಗಳನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಿಸುತ್ತದೆ, ಇಯರ್‌ಫೋನಿಗೆ ಸಾಕಾಗುವಷ್ಟು ಬಲ ಕೊಡುತ್ತದೆ. ಅಗ್ಗದ ಪ್ಲೇಯರಿನಲ್ಲಿ ಇದಷ್ಟನ್ನೂ ಒಂದೇ ಚಿಪ್ ಮಾಡುತ್ತದೆ. ದುಬಾರಿಯದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಭಾಗ. ಹೊಸ ಬಗೆಯ ಫೈಲನ್ನು ಅಗ್ಗದ ಪ್ಲೇಯರ್ ಯಾಕೆ ಒಪ್ಪುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ: ಬಿಡಿಸುವ ವಿದ್ಯೆ ಆ ಚಿಪ್ಪಿಗೆ ಕಲಿಸಿದಷ್ಟೇ ಗೊತ್ತು.

ಕಾರ್ಡಿನ ಮೇಲಿನ ಅಕ್ಷರಗಳು ಏನು ಹೇಳುತ್ತವೆ?

ನಾವು ‘ಚಿಪ್ಪು’ ಎಂದೋ ‘ಮೆಮೊರಿ ಕಾರ್ಡ್’ ಎಂದೋ ಕರೆಯುವ ಉಗುರಿನಷ್ಟು ವಸ್ತುವಿನ ಸರಿಯಾದ ಹೆಸರು ಮೈಕ್ರೊ ಎಸ್‌ಡಿ. ಉದ್ದ 15, ಅಗಲ 11, ದಪ್ಪ 1 ಮಿಲಿಮೀಟರ್. ಹಿಂಬದಿಯಲ್ಲಿ 8 ಹೊಂಬಣ್ಣದ ಪಟ್ಟಿಗಳು. 2004ರಲ್ಲಿ ಇದು ಮೊದಲು ಬಂದಾಗ ಟ್ರಾನ್ಸ್‌ಫ್ಲ್ಯಾಶ್ ಎಂಬ ಹೆಸರಿತ್ತು, ಮರುವರ್ಷ ಮೈಕ್ರೊ ಎಸ್‌ಡಿ ಆಯಿತು. ಸ್ಪೀಕರ್ ಡಬ್ಬಿಗಳ ಹಿಂದೆ ಇಂದಿಗೂ ‘ಟಿಎಫ್’ ಎಂದು ಬರೆದಿರುವುದು ಆ ಹಳೆಯ ಹೆಸರಿನಿಂದ. ಟಿಎಫ್ ಕಾರ್ಡ್ ಎಂದು ಬೇರೆ ಹುಡುಕಬೇಕಾಗಿಲ್ಲ.

ಗಾತ್ರ ಒಂದೇ ಆದರೂ ಇದರೊಳಗೆ ಜಾತಿಗಳಿವೆ. 2 ಜಿಬಿವರೆಗಿನದು ಬರಿ ಎಸ್‌ಡಿ. ಅದಕ್ಕಿಂತ ಮೇಲೆ 32 ಜಿಬಿವರೆಗಿನದು ಎಸ್‌ಡಿಎಚ್‌ಸಿ, 2006ರಲ್ಲಿ ಬಂತು. 32ರಿಂದಾಚೆ 2 ಟಿಬಿವರೆಗಿನದು ಎಸ್‌ಡಿಎಕ್ಸ್‌ಸಿ, 2009ರದು. ಕಾರ್ಡಿನ ಮೇಲೆ ಎಚ್‌ಸಿ ಅಥವಾ ಎಕ್ಸ್‌ಸಿ ಎಂದು ಸಣ್ಣದಾಗಿ ಅಚ್ಚಾಗಿರುತ್ತದೆ.

ಹಳೆಯ ಪ್ಲೇಯರಿಗೆ ಹೊಸ ಕಾರ್ಡ್ ಯಾಕೆ ಆಗದು ಎಂಬುದನ್ನು ಮನೆ ನಂಬರಿನ ಲೆಕ್ಕದಲ್ಲಿ ನೋಡಿ. ಕಾರ್ಡಿನೊಳಗಿನ ಪ್ರತಿ ಜಾಗಕ್ಕೂ ಒಂದು ನಂಬರು ಬೇಕು, ಆ ನಂಬರು ಬರೆಯುವ ಚೀಟಿಯ ಅಗಲ ಮೊದಲೇ ಗೊತ್ತಾಗಿರುತ್ತದೆ. ಹಳೆಯ ಎಸ್‌ಡಿಯಲ್ಲಿ ಒಂದೊಂದು ಬೈಟಿಗೂ ಒಂದೊಂದು ನಂಬರು, ಬೀದಿಯ ಪ್ರತಿ ಕೋಣೆಗೂ ಬೇರೆ ನಂಬರು ಕೊಟ್ಟ ಹಾಗೆ. ಎಸ್‌ಡಿಎಚ್‌ಸಿ ಬಂದಾಗ 512 ಬೈಟುಗಳ ಒಂದು ಕಟ್ಟಿಗೆ ಒಂದು ನಂಬರು ಮಾಡಿದರು, ಕೋಣೆಗಲ್ಲ, ಮನೆಗೆ ನಂಬರು. ಚೀಟಿ ಅಷ್ಟೇ ಅಗಲ, ತಲುಪುವ ಜಾಗ 512 ಪಟ್ಟು. ‘ನೂರನೇ ನಂಬರು’ ಎಂದರೆ ಹಳೆಯ ಪ್ಲೇಯರ್ ನೂರನೇ ಕೋಣೆ ಎಂದುಕೊಳ್ಳುತ್ತದೆ, ಹೊಸ ಕಾರ್ಡ್ ನೂರನೇ ಮನೆ ಎಂದುಕೊಳ್ಳುತ್ತದೆ. ಮಾತು ಹೊಂದುವುದಿಲ್ಲ. 2 ಜಿಬಿಗೆ ನಿಂತ ಹಳೆಯ ಪ್ಲೇಯರಿಗೆ 4 ಜಿಬಿಯ ಎಚ್‌ಸಿ ಕಾರ್ಡ್ ಹಾಕಿದರೆ, ಹೇಗೆ ಫಾರ್ಮ್ಯಾಟ್ ಮಾಡಿದ್ದರೂ ಓದದು.

ಎಚ್‌ಸಿ ಮತ್ತು ಎಕ್ಸ್‌ಸಿ ನಡುವೆ ಇಷ್ಟು ದೊಡ್ಡ ಗೋಡೆ ಇಲ್ಲ, ನಂಬರು ಕೊಡುವ ಕ್ರಮ ಒಂದೇ. ಅಲ್ಲಿ ಅಡ್ಡ ಬರುವುದು ಫಾರ್ಮ್ಯಾಟ್.

ಕ್ಲಾಸ್ 10, ಯು1, ಯು3, ವಿ30 ಇವೆಲ್ಲ ಬರೆಯುವ ವೇಗದ ಗುರುತುಗಳು. ಎ1, ಎ2 ಫೋನಿನ ಆ್ಯಪ್‌ಗಳಿಗೆ ಸಂಬಂಧಿಸಿದ್ದು. ಹಾಡು ಕೇಳಲು ಇವುಗಳಿಗೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಒಳ್ಳೆಯ ಗುಣಮಟ್ಟದ ಎಂಪಿ3 ಹಾಡಿಗೆ ಸೆಕೆಂಡಿಗೆ ಬೇಕಾದದ್ದು 40 ಕೆಬಿ. ಕ್ಲಾಸ್ 10 ಎಂದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ, ಅಂದರೆ ಅದರ 250 ಪಟ್ಟು. ವೇಗದ ಕಾರ್ಡಿನಿಂದ ಹಾಡಿನ ದನಿಯೇನೂ ಉತ್ತಮವಾಗುವುದಿಲ್ಲ. ತುಂಬುವಾಗ ಕಾಯುವುದು ಕಡಿಮೆಯಾಗುತ್ತದೆ.

ರೈಟರ ಲೆಕ್ಕದ ಪುಸ್ತಕ: ಫಾರ್ಮ್ಯಾಟ್ ಎಂದರೇನು?

ಕಾಫಿ ತೋಟದ ಗೋದಾಮಿನಲ್ಲಿ ಸಾವಿರ ಮೂಟೆ ಇದ್ದರೂ ಬೇಕಾದದ್ದು ಸಿಗುವುದು ರೈಟರ ಪುಸ್ತಕ ಇದ್ದರೆ ಮಾತ್ರ. ಯಾವ ಸಾಲಿನಲ್ಲಿ ಅರೇಬಿಕಾ, ಎಲ್ಲಿ ರೊಬಸ್ಟಾ, ಯಾವ ಜಾಗ ಖಾಲಿ ಎಂದು ಅದರಲ್ಲಿ ಬರೆದಿರುತ್ತದೆ. ಕಾರ್ಡಿನಲ್ಲೂ ಆರಂಭದ ಸ್ವಲ್ಪ ಜಾಗ ಇಂಥ ಪುಸ್ತಕಕ್ಕೆ ಮೀಸಲು. ಯಾವ ಹಾಡಿನ ತುಣುಕುಗಳು ಎಲ್ಲೆಲ್ಲಿವೆ ಎಂದು ಬರೆದಿಡುವ ಈ ಕ್ರಮವೇ ಫೈಲ್ ಸಿಸ್ಟಂ. ಫಾರ್ಮ್ಯಾಟ್ ಮಾಡುವುದೆಂದರೆ ಹೊಸ ಪುಸ್ತಕ ತೆರೆಯುವುದು. ಮೂಟೆಗಳು ಅಲ್ಲೇ ಇದ್ದರೂ ಹಳೆಯ ಲೆಕ್ಕ ಹೋಗುತ್ತದೆ.

ಈ ಪುಸ್ತಕವನ್ನು ಬರೆಯುವ ಎರಡು ಪದ್ಧತಿ ಮುಖ್ಯ: ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್. 4ರಿಂದ 32 ಜಿಬಿವರೆಗಿನ ಕಾರ್ಡ್ ಕಾರ್ಖಾನೆಯಿಂದ ಬರುವುದು ಫ್ಯಾಟ್32ರಲ್ಲಿ, 64 ಜಿಬಿ ಮತ್ತು ಮೇಲಿನದು ಎಕ್ಸ್‌ಫ್ಯಾಟಿನಲ್ಲಿ. ಅಗ್ಗದ ಪ್ಲೇಯರ್, ಸ್ಪೀಕರ್ ಡಬ್ಬಿ, ಕಾರಿನ ಸ್ಟೀರಿಯೊಗಳಲ್ಲಿ ಬಹಳಷ್ಟಕ್ಕೆ ಓದಲು ಬರುವುದು ಫ್ಯಾಟ್32 ಮಾತ್ರ. 64 ಜಿಬಿ ಕಾರ್ಡ್ ಹಾಕಿದಾಗ ‘ಕಾರ್ಡ್ ಇಲ್ಲ’ ಎಂದು ಬರುವುದರ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

ಇದಕ್ಕೆ ದಾರಿ: ಕಾರ್ಡಿನಲ್ಲಿರುವುದನ್ನು ಬೇರೆಡೆ ನಕಲು ಮಾಡಿಕೊಂಡು, ಆ ಕಾರ್ಡನ್ನೇ ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡುವುದು. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿ ಮೀರಿದ ಕಾರ್ಡಿಗೆ ಫ್ಯಾಟ್32 ಆಯ್ಕೆ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ರೂಫಸ್‌ನಂಥ ಉಚಿತ ತಂತ್ರಾಂಶದಲ್ಲಿ ಮಾಡಬಹುದು: ಪಟ್ಟಿಯಿಂದ ಕಾರ್ಡನ್ನು ಆರಿಸಿ, ‘ಬೂಟಬಲ್ ಅಲ್ಲದ್ದು’ ಎಂಬ ಆಯ್ಕೆ ಕೊಟ್ಟು, ಫ್ಯಾಟ್32 ಆರಿಸಿ, ಕ್ಲಸ್ಟರ್ ಗಾತ್ರ 32 ಕೆಬಿ ಇಟ್ಟು ಆರಂಭಿಸಿ. ಪಟ್ಟಿಯಲ್ಲಿ ತೋರಿಸುವ ಗಾತ್ರ ನಿಮ್ಮ ಕಾರ್ಡಿನದೇ ಎಂದು ಎರಡು ಸಲ ನೋಡಿ. ಪಕ್ಕದಲ್ಲಿ ಚುಚ್ಚಿಟ್ಟ ಪೆನ್‌ಡ್ರೈವ್ ತಪ್ಪಿ ಅಳಿದುಹೋಗುವುದು ಇಲ್ಲೇ. ಹೀಗೆ ಮಾಡಿದ 64 ಜಿಬಿ ಕಾರ್ಡನ್ನು 32 ಜಿಬಿಗೆಂದು ಮಾಡಿದ ಅನೇಕ ಪ್ಲೇಯರುಗಳು ಓದುತ್ತವೆ, ಎಲ್ಲವೂ ಅಲ್ಲ. ಖಾತ್ರಿ ಬೇಕೆಂದರೆ ಪುಸ್ತಿಕೆಯಲ್ಲಿ ಹೇಳಿದ ಮಿತಿಯೊಳಗಿನ ಕಾರ್ಡನ್ನೇ ಕೊಳ್ಳುವುದು ಸರಿ.

ಫ್ಯಾಟ್32ಕ್ಕೆ ಇನ್ನೊಂದು ಮಿತಿಯಿದೆ: ಒಂದೇ ಫೈಲು 4 ಜಿಬಿ ಮೀರುವಂತಿಲ್ಲ. ಹಾಡಿಗೆ ಇದು ತಾಗುವುದೇ ಇಲ್ಲ. ಆದರೆ ಶೃಂಗೇರಿ, ಕೊಪ್ಪದ ಕಡೆ ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ಯಾರಾದರೂ ಕುಗ್ಗಿಸದ ವೇವ್ ಫೈಲಾಗಿ ಹಿಡಿದರೆ ತಾಗುತ್ತದೆ. ಸಿಡಿ ಗುಣಮಟ್ಟದಲ್ಲಿ 6 ಗಂಟೆ 45 ನಿಮಿಷಕ್ಕೆ 4 ಜಿಬಿ ಮುಟ್ಟುತ್ತದೆ. ಕಾರ್ಡಿನಲ್ಲಿ ಅರ್ಧ ಜಾಗ ಖಾಲಿ ಇದ್ದರೂ ‘ಜಾಗವಿಲ್ಲ’ ಅಥವಾ ‘ಫೈಲು ದೊಡ್ಡದು’ ಎಂಬ ಸಂದೇಶ ಬರುತ್ತದೆ. ಪ್ರಸಂಗವನ್ನು ಒಂದೊಂದು ಗಂಟೆಯ ತುಂಡು ಮಾಡಿಕೊಂಡರೆ ಕೇಳಲೂ ಹಿತ, ನಡುವೆ ನಿಲ್ಲಿಸಿದ ಜಾಗವೂ ಬೇಗ ಸಿಗುತ್ತದೆ.

ಹಳೆಯ ಫೋನಿನಿಂದ ತೆಗೆದ ಕಾರ್ಡ್ ಹಾಕಿದರೆ ಏನೂ ಕಾಣದಿರುವುದಕ್ಕೆ ಬೇರೆ ಕಾರಣವೂ ಇರಬಹುದು. ಆಂಡ್ರಾಯ್ಡ್ 6ರಿಂದ ಈಚೆಗೆ ಕೆಲವು ಫೋನುಗಳಲ್ಲಿ ಕಾರ್ಡನ್ನು ಫೋನಿನ ಸ್ವಂತ ಜಾಗದಂತೆ ಬಳಸುವ ಆಯ್ಕೆ ಇದೆ. ಹಾಗೆ ಮಾಡಿದ ಕಾರ್ಡಿಗೆ ಆ ಫೋನು ಬೀಗ ಹಾಕಿರುತ್ತದೆ, ಬೇರೆ ಯಾವ ಯಂತ್ರವೂ ಓದದು. ಬೇಕಾದದ್ದನ್ನು ಅದೇ ಫೋನಿನಲ್ಲಿಟ್ಟು ಹೊರತೆಗೆದುಕೊಂಡು, ಆಮೇಲೆ ಫಾರ್ಮ್ಯಾಟ್ ಮಾಡಬೇಕು.

ಎಷ್ಟು ಹಾಡು ಹಿಡಿಯುತ್ತದೆ?

ಕುಗ್ಗಿಸದ ಸಿಡಿ ಗುಣಮಟ್ಟದ ಹಾಡಿಗೆ ನಿಮಿಷಕ್ಕೆ ಸುಮಾರು 10.6 ಎಂಬಿ ಬೇಕು. ಸೆಕೆಂಡಿಗೆ 44,100 ಸಲ, ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ ದನಿಯ ಅಳತೆ ತೆಗೆದು ಬರೆಯುವುದರಿಂದ ಇಷ್ಟು ಜಾಗ. ಅದನ್ನು ಕುಗ್ಗಿಸುವ ದಾರಿ ಎರಡು.

ಒಂದು, ಫ್ಲ್ಯಾಕ್. ಹಾಸಿಗೆಯನ್ನು ಬಿಗಿಯಾಗಿ ಸುತ್ತಿ ಹಗ್ಗ ಕಟ್ಟಿದಂತೆ. ಬಿಚ್ಚಿದರೆ ಒಂದು ಎಳೆ ನೂಲೂ ಕಡಿಮೆಯಾಗಿರುವುದಿಲ್ಲ. ಜಾಗ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಇನ್ನೊಂದು, ಎಂಪಿ3. ಇದು ಆಲೆಮನೆಯ ಕೆಲಸ. ಕಬ್ಬಿನ ಹಾಲನ್ನು ಕಾಯಿಸಿ ಬೆಲ್ಲ ಮಾಡಿದಂತೆ, ಕಿವಿಗೆ ಗೊತ್ತಾಗದ ಅಥವಾ ದೊಡ್ಡ ದನಿಯ ಅಡಿಯಲ್ಲಿ ಮುಚ್ಚಿಹೋಗುವ ಭಾಗಗಳನ್ನು ಬಿಟ್ಟು, ಉಳಿದದ್ದನ್ನು ಇಡುತ್ತದೆ. ಹೋದದ್ದು ಹೋಯಿತು. ಬೆಲ್ಲವನ್ನು ನೀರಿಗೆ ಹಾಕಿದರೆ ಪಾನಕ ಆದೀತು, ಕಬ್ಬಿನ ಹಾಲಾಗದು. ಹಾಗೆಯೇ ಎಂಪಿ3 ಹಾಡನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಫೈಲು ದೊಡ್ಡದಾಗುತ್ತದೆ, ದನಿ ಒಳ್ಳೆಯದಾಗುವುದಿಲ್ಲ. ಒಮ್ಮೆ ಕುಗ್ಗಿಸಿದ ಎಂಪಿ3ಯನ್ನು ಮತ್ತೆ ಎಂಪಿ3ಗೆ ಕುಗ್ಗಿಸುವುದೂ ಬೇಡ, ಪ್ರತಿ ಸಲವೂ ಇನ್ನಷ್ಟು ಕಳೆಯುತ್ತದೆ.

ಎಷ್ಟು ಕುಗ್ಗಿಸಿದೆ ಎಂಬ ಅಳತೆ ಬಿಟ್‌ರೇಟ್, ಸೆಕೆಂಡಿಗೆ ಇಷ್ಟು ಕಿಲೊಬಿಟ್ (ಕೆಬಿಪಿಎಸ್) ಎಂದು ಹೇಳುತ್ತಾರೆ. ಇದನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಕೆಬಿ ಎಂದು ಬರುತ್ತದೆ. 128 ಎಂದರೆ ಸೆಕೆಂಡಿಗೆ 16 ಕೆಬಿ, 5 ನಿಮಿಷದ ಹಾಡಿಗೆ 4.8 ಎಂಬಿ. 192ಕ್ಕೆ 7.2 ಎಂಬಿ. 320ಕ್ಕೆ 12 ಎಂಬಿ. ಫ್ಲ್ಯಾಕ್ ಫೈಲಿನ ಗಾತ್ರ ಹಾಡಿಗೆ ತಕ್ಕಂತೆ ಬದಲಾಗುತ್ತದೆ, 25ರಿಂದ 35 ಎಂಬಿ ಇಟ್ಟುಕೊಳ್ಳಿ. ಈ ಲೆಕ್ಕದಲ್ಲಿ 32 ಜಿಬಿ ಕಾರ್ಡಿಗೆ 192ರ ಹಾಡು ಸುಮಾರು 4,400 ಹಿಡಿಯುತ್ತವೆ. ದಿನಕ್ಕೆ 8 ಗಂಟೆ ಕೇಳಿದರೂ ಒಂದೂವರೆ ತಿಂಗಳು ಕೇಳಿದ ಹಾಡು ಮರಳಿ ಬರುವುದಿಲ್ಲ. ಮಾತಿನದೇ ಹೆಚ್ಚಾಗಿರುವ ಹರಿಕಥೆ, ಪ್ರವಚನ, ತಾಳಮದ್ದಳೆಗೆ 64ರ ಮೊನೊ (ಎಡಕ್ಕೂ ಬಲಕ್ಕೂ ಒಂದೇ ದನಿ) ಸಾಕು, 8 ಗಂಟೆಗೆ 230 ಎಂಬಿ ಆಗುತ್ತದೆ. ಸಂಗೀತಕ್ಕೆ 192, ಇಯರ್‌ಫೋನ್ ಒಳ್ಳೆಯದಿದ್ದರೆ 320. ಕೊಯ್ಲಿನ ಜಾಗದಲ್ಲಿ ಸಣ್ಣ ಸ್ಪೀಕರಿನಿಂದ ಕೇಳುವುದಕ್ಕೆ ಫ್ಲ್ಯಾಕ್ ತುಂಬುವುದರಿಂದ ಲಾಭವಿಲ್ಲ.

64 ಜಿಬಿ ಕಾರ್ಡ್ ಕಂಪ್ಯೂಟರಿನಲ್ಲಿ 59.6 ಎಂದಷ್ಟೇ ತೋರಿಸಿದರೆ ಮೋಸ ಎಂದು ತಿಳಿಯಬೇಡಿ. ಮಾರುವವರು ಜಿಬಿಗೆ ನೂರು ಕೋಟಿ ಬೈಟು ಎನ್ನುತ್ತಾರೆ, ವಿಂಡೋಸ್ 107.37 ಕೋಟಿ ಎನ್ನುತ್ತದೆ. ಜಾಗ ಅದೇ, ಅಳೆಯುವ ಕೊಳಗ ಬೇರೆ.

ತಳ ಎತ್ತಿದ ಸೇರು: ನಕಲಿ ಕಾರ್ಡ್

ನಿಜವಾದ ಮೋಸ ಬೇರೆ ಇದೆ. ಸೇರಿನ ತಳವನ್ನು ಒಳಗೆ ಎತ್ತಿ ಕೂರಿಸಿದರೆ ಹೊರಗಿನಿಂದ ಗೊತ್ತಾಗದು. ನಕಲಿ ಕಾರ್ಡಿನಲ್ಲಿ ಒಳಗಿರುವುದು 8 ಜಿಬಿಯಷ್ಟೇ, ಅದರ ನಿಯಂತ್ರಕ ಚಿಪ್ಪಿಗೆ ಮಾತ್ರ ‘128 ಜಿಬಿ ಇದೆ’ ಎಂದು ಹೇಳಲು ಕಲಿಸಿರುತ್ತಾರೆ. ಫೋನು, ಕಂಪ್ಯೂಟರು ಎರಡೂ ಆ ಮಾತನ್ನೇ ನಂಬುತ್ತವೆ. ಮೊದಲ 8 ಜಿಬಿ ಸರಿಯಾಗಿ ಹೋಗುತ್ತದೆ. ಆಮೇಲಿನದು ಹಳೆಯದರ ಮೇಲೇ ಬರೆದುಕೊಳ್ಳುತ್ತದೆ, ಇಲ್ಲವೇ ಎಲ್ಲಿಯೂ ಉಳಿಯುವುದಿಲ್ಲ. ಲೆಕ್ಕದ ಪುಸ್ತಕ ಕಾರ್ಡಿನ ಆರಂಭದಲ್ಲೇ ಇರುವುದರಿಂದ ಸಾವಿರ ಹಾಡಿನ ಹೆಸರೂ ಪಟ್ಟಿಯಲ್ಲಿ ಕಾಣುತ್ತವೆ. ಹಚ್ಚಿದರೆ ಮೌನ, ಅಥವಾ ಒಂದು ಹಾಡಿನ ನಡುವೆ ಇನ್ನೊಂದು.

ಕಾರ್ಡ್ ಕೊಂಡ ದಿನವೇ, ಬಿಲ್ ಕೈಯಲ್ಲಿರುವಾಗಲೇ ಪರೀಕ್ಷೆ ಮಾಡಿ. ವಿಂಡೋಸಿಗೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸಿಗೆ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಇವು ಕಾರ್ಡಿನ ತುಂಬ ಗೊತ್ತಿರುವ ಅಂಕಿಗಳನ್ನು ಬರೆದು, ಮತ್ತೆ ಓದಿ, ಎರಡೂ ಒಂದೇ ಇವೆಯೇ ಎಂದು ನೋಡುತ್ತವೆ. ಸೆಕೆಂಡಿಗೆ 10 ಎಂಬಿ ಬರೆಯುವ 32 ಜಿಬಿ ಕಾರ್ಡಿಗೆ ಬರೆಯಲು 53 ನಿಮಿಷ ಬೇಕು, ಓದಲು ಅದಕ್ಕಿಂತ ಕಡಿಮೆ. ಕಾರ್ಡ್ ಖಾಲಿ ಇದ್ದಾಗಲೇ ಮಾಡಬೇಕು.

ಹಾಡು ತುಂಬುವ ಕ್ರಮ

ಮೊದಲು ಹಾಡುಗಳೆಲ್ಲ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಸೇರಲಿ, ಕಾರ್ಡಿಗೆ ಹೋಗುವುದು ಅದರ ನಕಲು. ಸಿಡಿಯಿಂದ ತೆಗೆಯಲು ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶ ಒಳ್ಳೆಯದು, ಗೀರು ಬಿದ್ದ ಸಿಡಿಯನ್ನು ಮತ್ತೆ ಮತ್ತೆ ಓದಿ ನೋಡುತ್ತದೆ. ಫೋನಿನಿಂದ ಬಂದ ಫೈಲುಗಳ ಬಾಲ, ಅಂದರೆ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಅಕ್ಷರಗಳನ್ನು ನೋಡಿ. ವಾಟ್ಸ್ಆ್ಯಪ್ ಧ್ವನಿ ಸಂದೇಶಗಳು ಸಾಮಾನ್ಯವಾಗಿ ಓಪಸ್, ಫೋನಿನ ರೆಕಾರ್ಡರಿನವು ಹೆಚ್ಚಾಗಿ ಎಂ4ಎ. ಭಜನಾ ಮಂಡಳಿಯ ಗುಂಪಿನಲ್ಲಿ ಬಂದ ಹಾಡು ಪ್ಲೇಯರಿನಲ್ಲಿ ಕಾಣದೇ ಹೋಗುವುದು ಇದಕ್ಕೇ. ಅಗ್ಗದ ಪ್ಲೇಯರಿಗೆ ಎಂಪಿ3, ವೇವ್, ಹೆಚ್ಚೆಂದರೆ ಡಬ್ಲ್ಯುಎಂಎ ಗೊತ್ತಿರುತ್ತದೆ. ಫೈಲಿನ ಬಾಲವನ್ನು ಕೈಯಾರೆ ಎಂಪಿ3 ಎಂದು ತಿದ್ದಿದರೆ ಒಳಗಿನದು ಬದಲಾಗುವುದಿಲ್ಲ. ವಿಎಲ್‌ಸಿ ಅಥವಾ ಆಡಾಸಿಟಿಯಲ್ಲಿ ತೆರೆದು ಎಂಪಿ3ಯಾಗಿ ಉಳಿಸಬೇಕು.

ಆಮೇಲೆ ಕಾರ್ಡನ್ನು ಪ್ಲೇಯರಿನಿಂದ ತೆಗೆದು ಕಾರ್ಡ್ ರೀಡರಿಗೆ ಹಾಕಿ. ಪ್ಲೇಯರನ್ನೇ ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ ತುಂಬಬಹುದು, ಆದರೆ ಬಹಳ ನಿಧಾನ. ದೊಡ್ಡ ಅಡಾಪ್ಟರಿನಲ್ಲಿ ಹಾಕಿದಾಗ ‘ಬರೆಯಲು ಅನುಮತಿ ಇಲ್ಲ’ ಎಂದು ಬಂದರೆ ಅಡಾಪ್ಟರಿನ ಎಡಬದಿಯ ಪುಟ್ಟ ಲಾಕ್ ಗುಂಡಿ ಕೆಳಕ್ಕೆ ಜಾರಿರುತ್ತದೆ, ಮೇಲಕ್ಕೆ ತಳ್ಳಿ. ನಕಲು ಮುಗಿದ ಮೇಲೆ ‘ಇಜೆಕ್ಟ್’ ಒತ್ತಿ, ತೆಗೆಯಬಹುದು ಎಂದು ಬಂದ ಮೇಲೆಯೇ ಕೀಳಬೇಕು. ಪರದೆಯ ಮೇಲೆ ನಕಲು ಮುಗಿದಂತೆ ಕಂಡರೂ ಕಂಪ್ಯೂಟರ್ ಒಳಗೊಳಗೇ ಪುಸ್ತಕದ ಕೊನೆಯ ಸಾಲುಗಳನ್ನು ಬರೆಯುತ್ತಿರಬಹುದು. ಅದೇ ಗಳಿಗೆಯಲ್ಲಿ ಕರೆಂಟು ಹೋದರೂ ಪರಿಣಾಮ ಒಂದೇ. ಮಳೆಗಾಲದಲ್ಲಿ ಬ್ಯಾಟರಿ ಇರುವ ಲ್ಯಾಪ್‌ಟಾಪಿನಲ್ಲೇ ಈ ಕೆಲಸ ಮಾಡುವುದು ಕ್ಷೇಮ.

ಪ್ಲೇಯರ್ ಆಫ್ ಮಾಡಿ, ಕಾರ್ಡನ್ನು ಲೋಹದ ಪಟ್ಟಿಗಳ ದಿಕ್ಕು ನೋಡಿ ‘ಟಕ್’ ಎನ್ನುವವರೆಗೆ ಒತ್ತಿ. ಪರದೆ ಇರುವ ಪ್ಲೇಯರುಗಳು ಕಾರ್ಡ್ ಹಾಕಿದ ಮೇಲೆ ತಮ್ಮದೇ ಹಾಡಿನ ಪಟ್ಟಿ ತಯಾರಿಸುತ್ತವೆ. ಸಾವಿರಾರು ಹಾಡಿದ್ದರೆ ಇದಕ್ಕೆ ಹಲವು ನಿಮಿಷ ಹಿಡಿಯಬಹುದು, ನಡುವೆ ಆಫ್ ಮಾಡಬೇಡಿ. ಹೊಸ ಹಾಡು ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಲೈಬ್ರರಿ ಅಪ್‌ಡೇಟ್ ಎಂಬುದನ್ನು ಒತ್ತಿ.

ಹಿಂದುಮುಂದಾಗುವ ಹಾಡು, ಡಬ್ಬಿಯಾಗುವ ಕನ್ನಡ

ಪರದೆ ಇಲ್ಲದ ಪ್ಲೇಯರ್ ಮತ್ತು ಸ್ಪೀಕರ್ ಡಬ್ಬಿಗಳಲ್ಲಿ ಬಹಳಷ್ಟು ಹೆಸರನ್ನು ನೋಡುವುದೇ ಇಲ್ಲ. ಪುಸ್ತಕದಲ್ಲಿ ಯಾವುದು ಮೊದಲು ಬರೆದಿದೆಯೋ ಅದನ್ನು ಮೊದಲು ಹಚ್ಚುತ್ತವೆ, ಅಂದರೆ ನಕಲು ಮಾಡಿದ ಕ್ರಮದಲ್ಲಿ. ಫೈಲಿನ ಹೆಸರಿನ ಮುಂದೆ 001, 002 ಎಂದು ಸೊನ್ನೆ ಸಮೇತ ನಂಬರು ಹಾಕಿ. ಬರಿ 1, 2 ಎಂದಿದ್ದರೆ ಅನೇಕ ಯಂತ್ರಗಳಲ್ಲಿ 1 ಆದ ಮೇಲೆ 10 ಬರುತ್ತದೆ. ಹೆಸರಿನ ಕ್ರಮದಲ್ಲಿ ಜೋಡಿಸಿಕೊಂಡು, ಖಾಲಿ ಫೋಲ್ಡರಿಗೆ ಒಂದೇ ಸಲಕ್ಕೆ ನಕಲು ಮಾಡಿ. ಎಲ್ಲವನ್ನೂ ಆರಿಸಿ ಎಳೆಯುವಾಗ ಮೊದಲನೆಯ ಫೈಲನ್ನೇ ಹಿಡಿದು ಎಳೆಯಿರಿ. ಒಂದು ಹಾಡನ್ನು ಅಳಿಸಿ ಬೇರೊಂದು ಸೇರಿಸಿದರೆ ಆ ಖಾಲಿ ಸಾಲಿನಲ್ಲಿ ಹೊಸದು ಕೂತು ಕ್ರಮ ಕೆಡಬಹುದು. ಆಗ ಫೋಲ್ಡರ್ ಪೂರ್ತಿ ಅಳಿಸಿ ಮತ್ತೆ ನಕಲು ಮಾಡುವುದು ಸುಲಭ. ಲಿನಕ್ಸಿನ ಫ್ಯಾಟ್‌ಸಾರ್ಟ್ ಎಂಬುದು ಪುಸ್ತಕದ ಸಾಲುಗಳನ್ನಷ್ಟೇ ಸರಿ ಜೋಡಿಸುತ್ತದೆ.

ಕನ್ನಡದ ಹೆಸರಿನ ತೊಡಕಿಗೆ ಎರಡು ಮಟ್ಟ. ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಡಬ್ಬಿಗಳು ಕಾಣುತ್ತವೆ. ಫಾಂಟ್ ಇದ್ದರೂ ಒತ್ತಕ್ಷರ, ಗುಣಿತಾಕ್ಷರಗಳನ್ನು ಕೂಡಿಸಿ ಬರೆಯುವ ವಿದ್ಯೆ ಬೇಕು. ಅದಿಲ್ಲದಿದ್ದರೆ ‘ಕೃಷ್ಣ’ ಬಿಡಿ ಬಿಡಿಯಾಗಿ ಚೆದುರುತ್ತದೆ. ಆಂಡ್ರಾಯ್ಡ್ ಇರುವ ಪ್ಲೇಯರುಗಳಲ್ಲಿ ಈ ಎರಡೂ ಇರುತ್ತವೆ. ಉಳಿದವಕ್ಕೆ ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದೇ ದಾರಿ, ಬೇಸರದ ಸಂಗತಿಯಾದರೂ. ಹಾಡಿನ ಫೈಲಿನೊಳಗೆ ಹೆಸರು, ಗಾಯಕರು, ಆಲ್ಬಂ ಬರೆದಿಡುವ ಚೀಟಿಯೊಂದಿರುತ್ತದೆ, ಅದಕ್ಕೆ ಟ್ಯಾಗ್ ಎನ್ನುತ್ತಾರೆ. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಐಡಿ3 2.3, ಯುಟಿಎಫ್-16 ಎಂಬ ಆಯ್ಕೆ ಇಟ್ಟು ಅಲ್ಲಿ ಕನ್ನಡದಲ್ಲೇ ಬರೆದಿಡಬಹುದು. ಪರದೆಯ ಮೇಲೆ ಫೈಲಿನ ಹೆಸರು ತೋರಿಸುವಂತೆ ಪ್ಲೇಯರಿನಲ್ಲಿ ಆಯ್ಕೆಯಿದ್ದರೆ ಎರಡೂ ಉಳಿಯುತ್ತವೆ.

ಮಲೆನಾಡಿನ ಮಳೆಗಾಲದಲ್ಲಿ

ಕಾರ್ಡು ಗಟ್ಟಿ. ತೇವಕ್ಕೆ ಬೇಗ ಸೋಲುವುದು ಪ್ಲೇಯರಿನ ಸ್ಲಾಟಿನೊಳಗಿನ ಸ್ಪ್ರಿಂಗ್ ತಂತಿಗಳು ಮತ್ತು ಬ್ಯಾಟರಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಳಸದೆ ಇಡುವುದಾದರೆ ಬ್ಯಾಟರಿ ಅರ್ಧದಷ್ಟು ಇರುವಂತೆ ನೋಡಿಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಕ್ಕಿಯ ಡಬ್ಬಿ ಬೇಡ, ಅದರ ಧೂಳು ಸ್ಲಾಟಿಗೆ ಸೇರುತ್ತದೆ. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವುದೂ ಬೇಡ. ಹೊಗೆಯ ಜಿಡ್ಡು ಒಂದು ಕಡೆ, ಬಿಸಿಗೆ ಬ್ಯಾಟರಿಯೂ ಕಾರ್ಡಿನ ನೆನಪೂ ಬೇಗ ಸವೆಯುವುದು ಇನ್ನೊಂದು ಕಡೆ. ಕಾರ್ಡಿನಲ್ಲಿ ಹಾಡು ಉಳಿದಿರುವುದು ಕೋಟ್ಯಂತರ ಪುಟ್ಟ ಗೂಡುಗಳಲ್ಲಿ ಸಿಕ್ಕಿಸಿಟ್ಟ ವಿದ್ಯುತ್ ಕಣಗಳ ರೂಪದಲ್ಲಿ. ಶಾಖ ಹೆಚ್ಚಿದಷ್ಟೂ ಅವು ಸೋರಿಹೋಗುವುದು ಬೇಗ. ಬಿಸಿಲಿಗೆ ನಿಂತ ಜೀಪಿನ ಡ್ಯಾಶ್‌ಬೋರ್ಡಿಗೂ ಇದೇ ಮಾತು.

ಹಿಂಬದಿ ಉಬ್ಬಿದ ಪ್ಲೇಯರನ್ನು ಚಾರ್ಜಿಗೆ ಹಾಕಲೇಬಾರದು, ಒತ್ತಿ ಮುಚ್ಚಲೂಬಾರದು. ಒಳಗೆ ಬ್ಯಾಟರಿ ಊದಿಕೊಂಡಿರುತ್ತದೆ, ಬೆಂಕಿಯ ಅಪಾಯವಿದೆ.

ಕಾರ್ಡ್ ಓದದೆ ಹೋದರೆ

ಹೊಂಬಣ್ಣದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಬೇರೆ ರೀಡರಿನಲ್ಲಿ ಹಾಕಿ ನೋಡಿ. ಅಲ್ಲಿ ಓದಿದರೆ ದೋಷ ಪ್ಲೇಯರಿನ ಸ್ಲಾಟಿನದು.

ಅಳಿಸಿದ ಹಾಡು ಕಾರ್ಡನ್ನು ತೆಗೆದು ಹಾಕಿದ ಮೇಲೆ ಮತ್ತೆ ಬಂದು ಕೂತರೆ, ಫಾರ್ಮ್ಯಾಟ್ ಮಾಡಿದರೂ ಏನೂ ಆಗದಿದ್ದರೆ, ಕಾರ್ಡ್ ಕೊನೆಯ ಹಂತಕ್ಕೆ ಬಂದು ಬರೆಯುವುದನ್ನು ನಿಲ್ಲಿಸಿದೆ. ಗೂಡುಗಳು ಬರೆದು ಅಳಿಸಿದಾಗ ಸವೆಯುತ್ತವೆ, ಓದುವುದರಿಂದ ಸವೆಯುವುದು ಲೆಕ್ಕಕ್ಕಿಲ್ಲದಷ್ಟು. ಅಂಥ ಕಾರ್ಡಿನಿಂದ ಹಾಡನ್ನು ಹೊರತೆಗೆದು, ಕಾರ್ಡ್ ಬದಲಿಸಿ.

‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕಂಪ್ಯೂಟರ್ ಕೇಳಿದರೆ ಒಪ್ಪಿಕೊಳ್ಳಬೇಡಿ. ಹೆಚ್ಚಿನ ಸಲ ಹರಿದಿರುವುದು ಲೆಕ್ಕದ ಪುಸ್ತಕ, ಮೂಟೆಗಳು ಅಲ್ಲೇ ಇರುತ್ತವೆ. ಆ ಕಾರ್ಡಿಗೆ ಹೊಸದಾಗಿ ಏನನ್ನೂ ಬರೆಯದೆ, ಫೋಟೊರೆಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿ. ಹೆಸರಿಗೆ ಫೋಟೊ ಆದರೂ ಎಂಪಿ3, ಫ್ಲ್ಯಾಕ್‌ಗಳನ್ನೂ ಹುಡುಕುತ್ತದೆ. ಸಿಕ್ಕಿದ್ದನ್ನು ಕಂಪ್ಯೂಟರಿನ ಬೇರೆ ಫೋಲ್ಡರಿಗೆ ಹಾಕುವಂತೆ ಸೂಚಿಸಬೇಕು, ಅದೇ ಕಾರ್ಡಿಗಲ್ಲ. ಹೊರಬರುವ ಫೈಲುಗಳಿಗೆ ಹಳೆಯ ಹೆಸರಿರುವುದಿಲ್ಲ, ಬರಿ ನಂಬರುಗಳಿರುತ್ತವೆ, ಯಾಕೆಂದರೆ ಹೆಸರಿದ್ದದ್ದು ಪುಸ್ತಕದಲ್ಲಿ. ಟ್ಯಾಗ್ ಬರೆದಿಟ್ಟಿದ್ದರೆ ಎಂಪಿ3ಟ್ಯಾಗ್‌ನಲ್ಲಿ ಆ ಫೈಲುಗಳನ್ನೆಲ್ಲ ಒಟ್ಟಿಗೆ ತೆರೆದು, ‘ಟ್ಯಾಗ್‌ನಿಂದ ಫೈಲ್ ಹೆಸರಿಗೆ’ ಎಂಬ ಆಯ್ಕೆ ಒತ್ತಿದರೆ ನೂರಾರು ಹಾಡುಗಳಿಗೆ ಒಂದೇ ಸಲಕ್ಕೆ ಹೆಸರು ಮರಳಿ ಬರುತ್ತದೆ.